ಲಾಭ-ಹಾನಿಯ ಲೆಕ್ಕ ಮಕ್ಕಳೂ ಕಲಿಯಲಿ

ಒಕ್ಕಲುತನ ಉತ್ತಮ, ವ್ಯಾಪಾರ ಮಧ್ಯಮ, ನೌಕರಿ ಕನಿಷ್ಠ ಎಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. ಈಗ ಆ ಮಾತು ಪೂರ್ತಿ ತಲೆಕೆಳಗಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಯಾವುದೇ ಶಾಲೆಗೆ ಹೋಗಿ 'ಮುಂದೆ ಏನಾಗ್ತೀರಿ?' ಎಂದು ಕೇಳಿ ನೋಡಿ. ಡಾಕ್ಟರ್, ಇಂಜಿನಿಯರ್, ಪಿಎಸ್‌ಐ ಎಂಬ ಉತ್ತರಗಳು ಸಾಲಾಗಿ ಬರುತ್ತವೆ. 'ನಾಲ್ಕು ಮಂದಿಗೆ ಕೆಲಸ ಕೊಡ್ತೀನ್ರಿ' ಎನ್ನುವ ಮಗು ಸಿಗುವುದು ಅಪರೂಪ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. 'ನನ್ನ ಪಾಡು ನಿನಗೆ ಬ್ಯಾಡೋ ತಮ್ಮಾ, ಸಾಲಿ ಕಲಿ, ನೌಕರಿ ಹಿಡಿ' ಎಂದು ಮಗ್ಗದ ಮುಂದೆ ಕುಳಿತ ತಂದೆಯೇ ಹೇಳುತ್ತಾನೆ. ಆತನ ಮಾತಿನ ಹಿಂದೆ ವರ್ಷಗಳ ನೋವಿದೆ. ನೂಲಿನ ದರ ಏರುತ್ತದೆ, ಸೀರೆಯ ದರ ಏರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತಾಗ ಒಲೆ ಹೊತ್ತಿಸುವುದೇ ಕಷ್ಟವಾದ ಮನೆಗಳೆಷ್ಟೋ. ಆದರೆ ಎಲ್ಲ ಮಕ್ಕಳಿಗೂ ಸಾಲುವಷ್ಟು ನೌಕರಿಗಳು ಎಲ್ಲಿವೆ? ಪದವಿ ಮುಗಿಸಿ ಅರ್ಜಿ ಹಾಕುತ್ತಲೇ ವಯೋಮಿತಿ ದಾಟಿದ ಯುವಕ ಕೊನೆಗೆ ಅದೇ ಮಗ್ಗಕ್ಕೆ, ಅದೇ ಹೊಲಕ್ಕೆ ಮರಳುತ್ತಾನೆ. ಆಗ ಅವನಿಗೆ ಮಗ್ಗವೂ ಗೊತ್ತಿರುವುದಿಲ್ಲ, ಮಾರುಕಟ್ಟೆಯೂ ಗೊತ್ತಿರುವುದಿಲ್ಲ. ಶಾಲೆಯಲ್ಲಿ ಉದ್ಯಮಶೀಲತೆಯ ಪಾಠ ಬೇಕೆನ್ನುವುದು ಈ ಕಾರಣಕ್ಕೆ.

ಉದ್ಯಮಶೀಲತೆ ಎಂದರೆ ದೊಡ್ಡ ಕಾರ್ಖಾನೆ ಕಟ್ಟುವುದೆಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಬಹಳ ಸರಳವಾದದ್ದು ಅದು. ಸುತ್ತಲಿನ ಜನಕ್ಕೆ ಏನು ಬೇಕಾಗಿದೆ ಎಂದು ನೋಡುವುದು, ಅದನ್ನು ಮಾಡುವ ದಾರಿ ಹುಡುಕುವುದು, ಖರ್ಚು-ಆದಾಯ ಬರೆದಿಡುವುದು, ಕೊಟ್ಟ ಮಾತಿಗೆ ತಪ್ಪದಿರುವುದು, ಕೆಟ್ಟರೆ ಏಕೆ ಕೆಟ್ಟಿತೆಂದು ವಿಚಾರಿಸಿ ಮತ್ತೆ ಮಾಡುವುದು. ಈ ಐದೂ ಗುಣಗಳು ಡಾಕ್ಟರನಿಗೂ ಬೇಕು, ಮಾಸ್ತರನಿಗೂ ಬೇಕು.

ಪಾಠ ಮನೆಯ ಅಂಗಳದಲ್ಲೇ ಇದೆ

ಈ ಸೀಮೆಯ ಮಕ್ಕಳಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿವೆ. ಮುಧೋಳ, ಜಮಖಂಡಿ ಸುತ್ತ ಕಬ್ಬಿದೆ, ಸಕ್ಕರೆ ಕಾರ್ಖಾನೆಗಳಿವೆ. ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. ಮುಧೋಳದ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು.

ಬೆಲ್ಲದ ಗಾಣವನ್ನೇ ನೋಡಿ. ಕುದಿಯುವ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುತ್ತಾರೆ. ಹಾಲಿನಲ್ಲಿರುವ ಆಮ್ಲವನ್ನು ಸುಣ್ಣ ತಟಸ್ಥಗೊಳಿಸುತ್ತದೆ. ಇದು ಹೈಸ್ಕೂಲಿನ ಆಮ್ಲ-ಪ್ರತ್ಯಾಮ್ಲದ ಪಾಠವೇ. ಬೆಂಡೆಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಹಾಲು ತೆಗೆದ ಸಿಪ್ಪೆ ಒಣಗಿ ಒಲೆಗೆ ಉರುವಲಾಗುತ್ತದೆ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ನೂರು ಕಿಲೋ ಬೆಲ್ಲ. ಹಾಗಾದರೆ ಕಬ್ಬನ್ನು ಕಾರ್ಖಾನೆಗೆ ಕಳಿಸುವುದು ಲೇಸೋ, ಗಾಣಕ್ಕೆ ಹಾಕುವುದು ಲೇಸೋ? ಆಳಿನ ಕೂಲಿ ಎಷ್ಟು, ಬೆಲ್ಲದ ಇಂದಿನ ದರ ಎಷ್ಟು, ಹಣ ಕೈಗೆ ಬರುವುದು ಯಾವಾಗ? ಒಂದು ಗಾಣದ ಮುಂದೆ ನಿಂತರೆ ವಿಜ್ಞಾನ, ಗಣಿತ, ಅರ್ಥಶಾಸ್ತ್ರ ಮೂರೂ ಒಟ್ಟಿಗೆ ಕಾಣುತ್ತವೆ. ಪುಸ್ತಕದಲ್ಲಿ ನಿದ್ದೆ ಬರಿಸುವ ಶೇಕಡಾವಾರು ಲೆಕ್ಕ ಇಲ್ಲಿ ಎಚ್ಚರ ಹುಟ್ಟಿಸುತ್ತದೆ.

ಗಿರಮಿಟ್ಟಿನ ಲೆಕ್ಕ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ನಡೆಯುವ 'ಮಕ್ಕಳ ಸಂತೆ' ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಅಂದು ಶಾಲೆಯ ಬಯಲು ಥೇಟ್ ವಾರದ ಸಂತೆಯೇ. ಒಬ್ಬಳು ಮೆಂತ್ಯಪಲ್ಯದ ಸಿವುಡು ಹಿಡಿದು 'ಹತ್ತಕ್ಕ ಎರಡು ರೀ' ಎಂದು ಕೂಗುತ್ತಾಳೆ. ಇನ್ನೊಬ್ಬ ಉಳ್ಳಾಗಡ್ಡಿ ತೂಗುತ್ತಾನೆ. ಮತ್ತೊಬ್ಬನ ಮುಂದೆ ಚುರಮುರಿ, ಗಿರಮಿಟ್. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಅಲ್ಲಿ ಹೆಡ್‌ಮಾಸ್ತರರ ಜೊತೆಗೇ ಚೌಕಾಸಿಗೆ ನಿಲ್ಲುತ್ತಾಳೆ.

ಆದರೆ ಬಹುತೇಕ ಕಡೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಫೋಟೋ ತೆಗೆಸಿ, ಚಪ್ಪಾಳೆ ತಟ್ಟಿ, ಗಂಟು ಕಟ್ಟಿಕೊಂಡು ಎಲ್ಲರೂ ಮನೆಗೆ. ನಿಜವಾದ ಪಾಠ ಶುರುವಾಗಬೇಕಾದದ್ದು ಮರುದಿನ ಬೆಳಿಗ್ಗೆ, ಕಪ್ಪುಹಲಗೆಯ ಮುಂದೆ.

ಏಳನೆಯ ಇಯತ್ತೆಯ ಹುಡುಗನೊಬ್ಬ 180 ರೂಪಾಯಿ ಸಾಮಾನು ತಂದು 30 ಪ್ಲೇಟ್ ಗಿರಮಿಟ್ ಮಾಡಿಸಿದನೆಂದು ಇಟ್ಟುಕೊಳ್ಳಿ. ಪ್ಲೇಟಿಗೆ 10 ರೂಪಾಯಿ. 300 ಬರುತ್ತದೆ, 120 ಲಾಭ ಎಂದು ಆತ ಹಿಗ್ಗುತ್ತಾನೆ. ಸಂತೆ ಮುಗಿದಾಗ ರೋಕ ಹೋದದ್ದು 24 ಪ್ಲೇಟ್. ನಾಲ್ಕು ಗೆಳೆಯರಿಗೆ ಉದ್ರಿ. ಎರಡು ಪ್ಲೇಟ್ ತಾನೇ ತಿಂದ. ಕೈಯಲ್ಲಿರುವುದು 240. ಕಾಗದದ ಪ್ಲೇಟಿಗೆ 15, ಗ್ಯಾಸಿಗೆ 10 ಎಂದು ಹಿಡಿದರೆ ಉಳಿದದ್ದು 35 ರೂಪಾಯಿ. ಉದ್ರಿಯೆಲ್ಲ ವಸೂಲಾದರೆ 75.

ಇನ್ನೊಂದು ಪ್ರಶ್ನೆ ಕೇಳಬೇಕು. 'ಉಳ್ಳಾಗಡ್ಡಿ ಹೆಚ್ಚಿ ಒಗ್ಗರಣೆ ಹಾಕಿದವರು ಯಾರು?' 'ನಮ್ಮವ್ವ ರೀ.' 'ಎಷ್ಟು ಹೊತ್ತು?' 'ಎರಡು ತಾಸು ರೀ.' 'ಅವ್ವನ ಪಗಾರ ಎಲ್ಲಿ ಬರೆದೀ?' ಇಡೀ ತರಗತಿ ನಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಅವ್ವನಿಗೆ ಬರೀ 50 ರೂಪಾಯಿ ಹಿಡಿದರೂ, ಉದ್ರಿ ಬರದಿದ್ದರೆ ಹುಡುಗನಿಗೆ 15 ರೂಪಾಯಿ ಲುಕ್ಸಾನು. ಬಂದರೆ 25 ಲಾಭ.

ಇದು ಗಿರಮಿಟ್ಟಿನ ಲೆಕ್ಕ ಮಾತ್ರವಲ್ಲ. ನೇಕಾರರ ಮನೆಯಲ್ಲಿ ಬಟ್ಟೆಗೆ ಸಿಗುವ ಮಜೂರಿಯನ್ನು ಎಣಿಸುತ್ತಾರೆ. ಆದರೆ ಕಂಡಿಕೆ ಸುತ್ತುವ ಅಜ್ಜಿ, ನೂಲು ಸರಿಪಡಿಸುವ ತಾಯಿ, ಸಾಲಿಯಿಂದ ಬಂದು ಕೈ ಹಚ್ಚುವ ಮಗಳು ಇವರ ದುಡಿಮೆ ಯಾವ ವಹಿಯಲ್ಲೂ ಇರುವುದಿಲ್ಲ. ಹೊಲದ ಲೆಕ್ಕವೂ ಇಂಥದ್ದೇ. ಎಣಿಸದ ದುಡಿಮೆಗೆ ಬೆಲೆ ಕೇಳುವುದಾದರೂ ಹೇಗೆ? ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಸಾಲದ ಮೇಲೆ ಸಾಲ ಮಾಡಿ, ಕೊನೆಗೆ ಜೀವವನ್ನೇ ಕಳೆದುಕೊಂಡ ನೇಕಾರರ, ರೈತರ ಸುದ್ದಿಗಳನ್ನು ಈ ಭಾಗದ ಜನ ಓದಿದ್ದಾರೆ. ಅವರ ಕಷ್ಟಕ್ಕೆಲ್ಲ ಲೆಕ್ಕ ಬಾರದ್ದೇ ಕಾರಣ ಎನ್ನುವಂತಿಲ್ಲ. ದರ, ಮಳೆ, ಬಡ್ಡಿ ಯಾವುದೂ ಅವರ ಕೈಯಲ್ಲಿರಲಿಲ್ಲ. ಆದರೂ ಲೆಕ್ಕ ಬಲ್ಲ ಮಗುವೊಂದು ಮನೆಯಲ್ಲಿದ್ದರೆ ಅಪಾಯ ಸ್ವಲ್ಪ ಮೊದಲೇ ಕಾಣಿಸುತ್ತದೆ. ಆಲಮಟ್ಟಿಯ ಹಿನ್ನೀರಿಗೆ ನೆಲ ಕಳೆದುಕೊಂಡ ಬೀಳಗಿ ಕಡೆಯ ಹಳ್ಳಿಗಳಿಗೂ ಈ ಮಾತು ಹೊಸದಲ್ಲ. ನೆಲ ಪ್ರತಿವರ್ಷ ಬೆಳೆ ಕೊಡುತ್ತಿತ್ತು. ಪರಿಹಾರದ ಹಣ ಒಂದೇ ಸಲ ಬರುತ್ತದೆ. ಅದನ್ನು ಮತ್ತೆ ದುಡಿಮೆಗೆ ಹಚ್ಚದಿದ್ದರೆ ಕರಗಲು ಬಹಳ ಕಾಲ ಬೇಕಿಲ್ಲ.

ಸೋಲೂ ಒಂದು ಉತ್ತರ

ಪರೀಕ್ಷೆಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಹಾಗಲ್ಲ, ತಪ್ಪಿದ ಪ್ರಯೋಗವೂ ಏನನ್ನೋ ತಿಳಿಸುತ್ತದೆ. ಉದ್ಯಮವೂ ಹೀಗೆಯೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಶಿಕ್ಷಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆಯಿಂದ ರೈತರು ಕೊಳ್ಳಲಿಲ್ಲ. ಅವರು ಎದೆಗುಂದಲಿಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದುನಿಂತಿತು. ಮೊದಲ ಸಂತೆಯಲ್ಲಿ ಪಲ್ಯ ಮಾರದೆ ಅಳುತ್ತ ಬಂದ ಮಗುವಿಗೆ ಹೇಳಬೇಕಾದ ಕಥೆ ಇದು.

ಒಬ್ಬರೇ ಗೆಲ್ಲುವುದಷ್ಟೇ ಉದ್ಯಮವಲ್ಲ ಎಂಬುದಕ್ಕೆ ಜಮಖಂಡಿ ತಾಲೂಕಿನಲ್ಲೇ ಸಾಕ್ಷಿಯಿದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬೆಳೆ ಒಣಗುವುದನ್ನು ಕಂಡ ನದೀತೀರದ ರೈತರು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ಮುಗಿಯಿತು. ಹೆಸರೇ 'ಶ್ರಮಬಿಂದು ಸಾಗರ'. ಶಾಲೆಯ ಪ್ರವಾಸಕ್ಕೆ ದೂರದ ಊರುಗಳ ಜೊತೆಗೆ ಈ ಬ್ಯಾರೇಜನ್ನೂ ತೋರಿಸಿ, 'ಸರಕಾರದ ದಾರಿ ಕಾಯದೆ ಇವರು ಇದನ್ನು ಹೇಗೆ ಕಟ್ಟಿದರು?' ಎಂದು ಕೇಳಿದರೆ ಒಂದು ವರ್ಷದ ಪೌರನೀತಿ ಪಾಠವಾದೀತು.

ಪಾಲಕರ ಅಂಜಿಕೆ

'ದುಡ್ಡಿನ ರುಚಿ ಹತ್ತಿದರೆ ಓದು ಕೆಡುತ್ತದೆ' ಎಂಬ ಅಂಜಿಕೆ ಸಹಜ. ಆದ್ದರಿಂದಲೇ ಇದು ಶಿಕ್ಷಕರ ಕಣ್ಣೆದುರು, ಮಿತಿಯಲ್ಲಿ ನಡೆಯಬೇಕು. ಕಲಿಕೆ ಬೇರೆ, ದುಡಿಸಿಕೊಳ್ಳುವುದು ಬೇರೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆಯ ಸಮಯದ ನಂತರ ನೆರವಾಗಬಹುದಷ್ಟೇ. ಸಾಲಿ ಬಿಡಿಸಿ ಮಗ್ಗಕ್ಕೆ ಕೂಡಿಸುವವರು ಉದ್ಯಮಶೀಲತೆಯ ಹೆಸರು ಹೇಳಬಾರದು.

'ವ್ಯಾಪಾರಂ ದ್ರೋಹಚಿಂತನಂ' ಎಂಬ ಇನ್ನೊಂದು ಮಾತಿದೆ. ಅದಕ್ಕೆ ಮದ್ದು ಮಕ್ಕಳನ್ನು ವ್ಯಾಪಾರದಿಂದ ದೂರ ಇಡುವುದಲ್ಲ, ತೂಕದಲ್ಲಿ ಮೋಸ ಮಾಡಬಾರದೆಂದು ತಕ್ಕಡಿ ಕೈಗೆ ಕೊಟ್ಟೇ ಕಲಿಸುವುದು. ಕವಿಚಕ್ರವರ್ತಿ ರನ್ನ ಮುಧೋಳದ ಬಳೆಗಾರರ ಮನೆಯ ಮಗ. ಬಳೆಯ ಮಲಾರ ಹೊತ್ತ ಮನೆತನ ಅವನ ವಿದ್ಯೆಗೆ ಅಡ್ಡ ಬರಲಿಲ್ಲ.

ದೆಹಲಿ ಸರಕಾರ 2019ರಲ್ಲಿ 9ರಿಂದ 12ನೇ ತರಗತಿಯವರೆಗೆ ಇಂಥ ಪಠ್ಯವನ್ನು ತಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಕಸುಬುದಾರರಿಂದ ಕಲಿಯಲಿ ಎಂದಿದೆ. ಆದೇಶ ಬರಲಿ ಎಂದು ಕಾಯಬೇಕಿಲ್ಲ. ಪಾಲಕರು ತಿಂಗಳಿಗೊಮ್ಮೆ ಮನೆಯ ಖರ್ಚನ್ನು ಮಗ-ಮಗಳು ಇಬ್ಬರನ್ನೂ ಕೂಡಿಸಿಕೊಂಡು ಬರೆಯಲಿ. ಸಾಲ ಎಷ್ಟಿದೆ, ಬಡ್ಡಿ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಲಿ. ಸಂತೆಗೆ ಕೈಹಿಡಿದು ಒಯ್ಯಲಿ.

ಇಷ್ಟು ಕಲಿತ ಮಗು ಮುಂದೆ ನೌಕರಿ ಹಿಡಿದರೆ ಸಂತೋಷವೇ. ಸಿಗದಿದ್ದರೂ ಕೈಕಟ್ಟಿ ಕೂಡುವುದಿಲ್ಲ. ಅಪ್ಪನ ಮಗ್ಗಕ್ಕೆ ಮರಳಿದರೂ ಸೋತು ಬಂದವನಂತೆ ಮರಳುವುದಿಲ್ಲ. ಆ ಸೀರೆಗೆ ನಿಜಕ್ಕೂ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ, ಅವ್ವನ ಪಗಾರವನ್ನೂ ಸೇರಿಸಿ, ದರ ಕೇಳುತ್ತದೆ.