ರೋವರ್ಸ್ ಕಪ್ ಗೆದ್ದ ಬೆಂಗಳೂರು ಹುಡುಗರು

ಜರ್ಮನಿಯ ಹ್ಯಾಂಬರ್ಗ್ ಫುಟ್‌ಬಾಲ್ ತಂಡ 2018ರಲ್ಲಿ ಮೊದಲ ಬಾರಿಗೆ ದೇಶದ ಅಗ್ರ ಲೀಗ್ ಬುಂಡೆಸ್‌ಲಿಗಾದಿಂದ ಕೆಳಗಿಳಿಯಿತು. ಅಭಿಮಾನಿಗಳು ಕೈಬಿಡಲಿಲ್ಲ, ಏಳು ವರ್ಷದ ನಂತರ, 2025ರಲ್ಲಿ, ತಂಡ ಮತ್ತೆ ಮೇಲೇರಿತು. ಆದರೆ ಒಂದು ಕಾಲಕ್ಕೆ ಹೆಸರು ಮಾಡಿದ್ದ ನಮ್ಮ ಬೆಂಗಳೂರು ಮುಸ್ಲಿಮ್ಸ್ ಫುಟ್‌ಬಾಲ್ ತಂಡವನ್ನು ಇಂದು ನೆನೆಯುವವರು ಎಷ್ಟು ಮಂದಿ?

ಬೊಂಬಾಯಿಯ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಶುರುವಾದದ್ದು 1891ರಲ್ಲಿ. ದಶಕಗಟ್ಟಲೆ ಅದು ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೇ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದಿತು, 1948ರಲ್ಲಿ ಮತ್ತೊಮ್ಮೆ.

ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಕಣಕ್ಕಿಳಿಯಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರು ಮುಸ್ಲಿಮ್ಸ್‌ನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಪಂದ್ಯ 2–1ರಿಂದ ಕೈಬಿಟ್ಟುಹೋಯಿತು.

ಆಮೇಲೆ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಒಳ್ಳೆಯ ಆಟಗಾರ ಎದ್ದು ಹೋದರೆ ಊರಿನ ಕ್ಲಬ್ಬಿಗೆ ಬೀಳುವ ಪೆಟ್ಟು ಸಣ್ಣದಲ್ಲ.

ಮುಂದೆ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಆಟವನ್ನು ಹೊತ್ತು ನಡೆದವು. ಎಚ್‌ಎಎಲ್ 2012ರಲ್ಲಿ ರಾಷ್ಟ್ರೀಯ ಮಟ್ಟದ ಐ-ಲೀಗ್‌ನಿಂದ ಹೊರಬಿದ್ದಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಯತ್ನದಲ್ಲೇ ಲೀಗ್ ಗೆದ್ದಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದ ಕರ್ನಾಟಕ, 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತು. ಆ ಸಂಭ್ರಮದ ಸುದ್ದಿಗಳಲ್ಲಿ 1937ರ ಹುಡುಗರಿಗೂ ಎರಡು ಸಾಲು ಸಲ್ಲಬೇಕಿತ್ತು.