ಮುಂದಕ್ಕೆ ಬಾಗಿ ಕೂರುವ ಮಗು

ಶಿಕಾರಿಪುರ, ಸೊರಬದ ಕಡೆ ಮಗು ಹೊಟ್ಟೆನೋವು ಎಂದರೆ ಮೊದಲು ಜಂತುಹುಳದ ಮಾತು. ಆಮೇಲೆ ಗ್ಯಾಸ್ಟ್ರಿಕ್, ದೃಷ್ಟಿ, ಕೊನೆಗೆ ಶಾಲೆ ತಪ್ಪಿಸುವ ನೆಪ. ಹುಳದ ಅನುಮಾನ ತೀರಾ ತಪ್ಪೇನಲ್ಲ: ದುಂಡುಹುಳ ಮೇದೋಜೀರಕ ಗ್ರಂಥಿಯ ನಾಳಕ್ಕೇ ನುಗ್ಗಿ ಉರಿಯೂತ ತರುವುದುಂಟು. ಆದರೆ ಮಾತ್ರೆ ನುಂಗಿಸಿದ ಮೇಲೂ ನೋವು ಮತ್ತೆ ಮತ್ತೆ ಮರಳುತ್ತಿದ್ದರೆ? ಆ ಗ್ರಂಥಿಯದೇ ದೀರ್ಘಕಾಲದ ಉರಿಯೂತ ಇರಬಹುದು.

ಶಿರಾಳಕೊಪ್ಪದ ಬಸ್ಸಿನಲ್ಲಿ ಒಬ್ಬ ಹುಡುಗ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ತಾಯಿಯ ಮಡಿಲಲ್ಲಿ ಸ್ಕ್ಯಾನಿಂಗ್ ಕವರು. "ಮಲಗಿದ್ರೆ ಜಾಸ್ತಿ ಆಗ್ತದೆ ಅಣ್ಣಾ, ಹಿಂಗೆ ಬಗ್ಗಿ ಕೂತ್ರೆ ಸ್ವಲ್ಪ ತಡ್ಕೊಳ್ತಾನೆ. ಊಟ ಅಂದ್ರೇ ಹೆದರಿಕೆ." ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು; ಅದಕ್ಕೇ ಬಾಗಿ ಕೂತರೆ ತುಸು ಹಗುರ. ವೈದ್ಯರು ಮೊದಲು ಕೇಳಬೇಕಾದ ಎರಡೂ ಲಕ್ಷಣ ಆ ತಾಯಿಯ ಬಾಯಲ್ಲೇ ಇದ್ದವು.

ಈ ಗ್ರಂಥಿಯ ಉರಿಯೂತ ಕುಡುಕರ ಕಾಯಿಲೆಯಂತೆ ಎಂಬ ಪಿಸುಮಾತು ಇಂಥ ಮನೆಗಳನ್ನು ಸುಡುತ್ತದೆ. ಮಕ್ಕಳಲ್ಲಿ ಕಾರಣ ಬೇರೆ: ಹುಟ್ಟಿನಿಂದ ಬಂದ ಜೀನ್ ದೋಷ, ನಾಳದ ರಚನೆಯ ದೋಷ, ಕೆಲವೊಮ್ಮೆ ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಗುದ್ದಿದ ಪೆಟ್ಟು. 1960ರ ದಶಕದಲ್ಲಿ ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ ಎಳೆ ವಯಸ್ಸಿನವರ ಗ್ರಂಥಿಯಲ್ಲಿ ಕಲ್ಲು, ಹಿಂದೆಯೇ ಸಕ್ಕರೆ ಕಾಯಿಲೆ ಬರುವುದನ್ನು ವಿವರವಾಗಿ ದಾಖಲಿಸಿದರು. ಮರಗೆಣಸಿನ ಮೇಲೆ ಅನುಮಾನ ಬಿತ್ತು, ಅದು ನಿಲ್ಲಲಿಲ್ಲ. 2000ದ ನಂತರ ಭಾರತದ ರೋಗಿಗಳಲ್ಲಿ ಸ್ಪಿಂಕ್-1 ಎಂಬ ಜೀನಿನ ದೋಷ ಎದ್ದು ಕಂಡಿತು. ಆ ದೋಷ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ ಎನ್ನುವುದು ಮತ್ತೊಂದು ಒಗಟು.

ಚಿಕಿತ್ಸೆ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಸಣ್ಣಕರುಳಿಗೆ ತೆರೆಯುವ ನಾಳದ ಬಾಯಿಯನ್ನು ತುಸು ಕೊಯ್ದು, ಕಲ್ಲು ತೆಗೆದು, ಪ್ಲಾಸ್ಟಿಕ್ ಕೊಳವೆ (ಸ್ಟೆಂಟ್) ಕೂರಿಸುತ್ತಾರೆ. ದೊಡ್ಡ ಕಲ್ಲಾದರೆ ಮೊದಲು ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿ ಮಾಡುತ್ತಾರೆ. ಆಪರೇಷನ್ನಿನಲ್ಲಿ ಹಿಗ್ಗಿದ ನಾಳವನ್ನು ಉದ್ದಕ್ಕೆ ಸೀಳಿ, ಕರುಳಿನ ಒಂದು ಸುತ್ತನ್ನು ಅದರ ಮಗ್ಗುಲಿಗೇ ಹೊಲಿಯುತ್ತಾರೆ. ರಸ ನೇರ ಕರುಳಿಗೆ ಹರಿಯುತ್ತದೆ. ಏನೂ ಫಲಿಸದಿದ್ದಾಗ ಇಡೀ ಗ್ರಂಥಿ ತೆಗೆದು, ಅದರ ಇನ್ಸುಲಿನ್ ತಯಾರಿಸುವ ಕಣಗಳನ್ನು ಯಕೃತ್ತಿಗೆ ಸೇರಿಸುವ ದಾರಿಯೂ ಇದೆ. 1977ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಶುರುವಾದದ್ದು.

ನನಗೆ ಅರ್ಥವಾಗದ್ದು ಇದು. ಸ್ಕ್ಯಾನಿಂಗಿನಲ್ಲಿ ಗ್ರಂಥಿ ತುಂಬ ಕಲ್ಲಿರುವ ಮಗು ಆಡಿಕೊಂಡಿರಬಹುದು, ಚಿತ್ರದಲ್ಲಿ ಹೆಚ್ಚೇನೂ ಕಾಣದ ಮಗು ರಾತ್ರಿಯಿಡೀ ಒದ್ದಾಡಬಹುದು. ನಾಳ ಸರಿಹೋದ ಮೇಲೂ ನೋವು ಉಳಿಯುವುದುಂಟು. ಬಹುಕಾಲ ನೊಂದ ನರಗಳು ನೋವನ್ನೇ ರೂಢಿ ಮಾಡಿಕೊಂಡಿರುತ್ತವೆ ಎನ್ನುತ್ತಾರೆ. ಕಾಯಿಲೆ ಹಳತಾದಂತೆ ರಕ್ತಪರೀಕ್ಷೆಯೂ ಸರಿಯಾಗಿಯೇ ಬರಬಹುದು. ರಿಪೋರ್ಟ್ ಚೆನ್ನಾಗಿದೆ ಎಂದು ಮಗುವನ್ನು ಸುಳ್ಳುಗಾರ ಮಾಡುವವರ ಮೇಲೆ ನನಗೆ ಸಿಟ್ಟಿದೆ.

ಎಂಡೋಸ್ಕೋಪಿಯೋ ಆಪರೇಷನ್ನೋ, ಮೊದಲು ಯಾವುದು? 2020ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ 88 ವಯಸ್ಕರಿದ್ದರು. ಎಂಡೋಸ್ಕೋಪಿಯಿಂದ ಶುರು ಮಾಡಿದವರಿಗಿಂತ ಬೇಗ ಆಪರೇಷನ್ ಆದವರಿಗೆ ಒಂದೂವರೆ ವರ್ಷದಲ್ಲಿ ನೋವು ಕಡಿಮೆ. ಮಕ್ಕಳಲ್ಲಿ ಹೊಟ್ಟೆ ಕೊಯ್ಯುವ ಮುನ್ನ ಸಾಮಾನ್ಯವಾಗಿ ಎಂಡೋಸ್ಕೋಪಿಯನ್ನೇ ನೋಡುತ್ತಾರೆ. ಆದರೆ ಸ್ಟೆಂಟ್ ಕಟ್ಟಿಕೊಳ್ಳುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಸೊರಬದ ಕೂಲಿಯವರಿಗೆ ಪ್ರತಿ ಬದಲಾವಣೆಯೂ ಘಟ್ಟ ಇಳಿದು ಮಣಿಪಾಲಕ್ಕೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಪ್ರಯಾಣ. ನಾಟಿಯ ಹೊತ್ತಿನಲ್ಲಿ ಬಿಟ್ಟ ಕೂಲಿಯನ್ನು ಆಯುಷ್ಮಾನ್ ಕಾರ್ಡು ತುಂಬಿಕೊಡುವುದಿಲ್ಲ. ಊರಿನ ದೂರವೂ ನಾಳದ ಅಗಲದಷ್ಟೇ ಮುಖ್ಯವಾಗಿ ಕೇಸ್ ಶೀಟಿನಲ್ಲಿ ಇರಬೇಕು.

ಜನ ಲಕ್ಷಣ ಗುರುತಿಸಲಾರರು ಎನ್ನುವುದನ್ನು ನಾನು ಒಪ್ಪುವುದಿಲ್ಲ. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಹೊಸ ಜ್ವರ ಪತ್ತೆಯಾಯಿತು. ಸತ್ತ ಮಂಗ ಕಂಡರೆ ಹೆದರಬೇಕೆಂಬುದು ಇಲ್ಲಿ ಈಗ ಎಲ್ಲರಿಗೂ ಗೊತ್ತು. ಊಟಕ್ಕೆ ಹೆದರುವ, ತೂಕ ಇಳಿಯುವ, ಎಣ್ಣೆಯಂತೆ ತೇಲುವ ಮಲ ಹೋಗುವ ಮಗುವಿನ ಬಗ್ಗೆಯೂ ಆಶಾ ಕಾರ್ಯಕರ್ತೆಯರಿಗೆ, ಮೇಷ್ಟ್ರುಗಳಿಗೆ ಇಷ್ಟು ಹೇಳಿಕೊಡಬಹುದು. ಗ್ರಂಥಿಯ ರಸ ಸಾಲದಾದಾಗ ಕೊಡುವ ಕಿಣ್ವದ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು, ಊಟ ಮುಗಿದು ಹೊತ್ತಾದ ಮೇಲಲ್ಲ. ವರ್ಷಕ್ಕೊಮ್ಮೆಯಾದರೂ ಸಕ್ಕರೆ ಪರೀಕ್ಷೆ. ಮೊದಲ ಸ್ಟೆಂಟ್ ಹಾಕಿಸುವ ದಿನವೇ ಕೇಳಬೇಕು: ಹೀಗೆ ಎಷ್ಟು ಸಲ ನೋಡಿ, ಯಾವಾಗ ಆಪರೇಷನ್ ಯೋಚಿಸುತ್ತೀರಿ ಡಾಕ್ಟ್ರೇ?