ಅಡಿಟಿಪ್ಪಣಿಗೆ ಬಾರದ ಹೆಸರು

ಚಿತ್ರದುರ್ಗ ಪರಿಸರದ ಶಾಸನಗಳನ್ನು ಕುರಿತ ಪಿಎಚ್.ಡಿ. ಅಧ್ಯಯನಕ್ಕೆ ತೊಡಗಿದಾಗ, ಪತ್ರಿಕೆಯೊಂದರ ತೂಕವನ್ನು ಅಂಕಿಯಲ್ಲಿ ಹೇಳಬಹುದೆಂಬ ಕಲ್ಪನೆಯೇ ನನಗಿರಲಿಲ್ಲ. ತಿಳಿಸಿದವನು ಅರ್ಥಶಾಸ್ತ್ರದ ಸಂಶೋಧಕನಾದ ಹಿರಿಯೂರಿನ ಗೆಳೆಯ. ಅವನ ವಿಭಾಗದಲ್ಲಿ ಲೇಖನ ಏನು ಹೇಳುತ್ತದೆ ಎನ್ನುವುದಕ್ಕಿಂತ ಮೊದಲು, ಅದು ಬಂದ ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಷ್ಟೆಂದು ಕೇಳುತ್ತಾರಂತೆ. ಲೆಕ್ಕ ಸರಳವಾದುದು. ಪತ್ರಿಕೆಯೊಂದು ಹಿಂದಿನ 2 ವರ್ಷಗಳಲ್ಲಿ 40 ಲೇಖನಗಳನ್ನು ಪ್ರಕಟಿಸಿ, ಅವು ಈ ವರ್ಷ 60 ಬಾರಿ ಉಲ್ಲೇಖಗೊಂಡಿದ್ದರೆ ಅದರ ಪ್ರಭಾವಾಂಕ 1.5. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಉಲ್ಲೇಖಸೂಚಿಯ ವಿಚಾರವನ್ನು ಮಂಡಿಸಿದರು. ಅದರಿಂದ ಹುಟ್ಟಿ, ಗ್ರಂಥಾಲಯಗಳಿಗೆ ಪತ್ರಿಕೆಗಳನ್ನು ಆಯ್ದುಕೊಳ್ಳಲು ನೆರವಾದ ಅಂಕಿ, ಕಾಲಕ್ರಮದಲ್ಲಿ ಅಧ್ಯಾಪಕರನ್ನೇ ಅಳೆಯತೊಡಗಿತು. ಅರ್ಥಶಾಸ್ತ್ರದ ಲೇಖನಗಳು ನಿಧಾನವಾಗಿ ಉಲ್ಲೇಖ ಪಡೆಯುವುದರಿಂದ 5 ವರ್ಷಗಳ ಲೆಕ್ಕವನ್ನೂ ನೋಡುತ್ತಾರೆಂದು ಗೆಳೆಯ ಸೇರಿಸಿದ.

ಐದು ವರ್ಷ! ಆಗ ನನ್ನ ಮೇಜಿನ ಮೇಲಿದ್ದುದು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವಾರ್ಷಿಕ ವರದಿ. ಚಂದ್ರವಳ್ಳಿಯ ಮಯೂರಶರ್ಮನ ಶಾಸನವನ್ನು ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದ್ದು ಅದರಲ್ಲಿ. ಅವರ ಪಾಠವನ್ನು ಒಪ್ಪದವರೂ ಅದನ್ನು ಉಲ್ಲೇಖಿಸದೆ ಮುಂದೆ ಹೋಗಲಾರರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟ 1903ರದು. ಇಂದಿಗೂ ‘ಹೊಳಲ್ಕೆರೆ’ ಎಂದು ಬರೆದು ಮುಂದೆ ಒಂದು ಸಂಖ್ಯೆಯನ್ನಿಟ್ಟರೆ ಬಲ್ಲವರಿಗೆ ಆ ಕಲ್ಲೇ ಕಣ್ಣೆದುರು ನಿಲ್ಲುತ್ತದೆ. 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಪುಟಗಳ ಮಾತೂ ಹೀಗೆಯೇ. ಎರಡು ವರ್ಷಗಳ ಲೆಕ್ಕದಲ್ಲಿ ಇವೆಲ್ಲದರ ಬೆಲೆ ಸೊನ್ನೆ.

ಇದನ್ನು ನಾನು ತುಸು ಹೆಮ್ಮೆಯಿಂದಲೇ ಹೇಳಿದೆ. ಗೆಳೆಯ, “ಅದಿರಲಿ ಕಣೋ, ನಿಮ್ಮವರು ಓದಿದ್ದನ್ನೆಲ್ಲ ಅಡಿಟಿಪ್ಪಣಿಯಲ್ಲಿ ಹೇಳ್ತಾರಾ?” ಎಂದ.

ನನಗೆ ಉತ್ತರ ಹೊರಡಲಿಲ್ಲ. ನನ್ನ ಮೊದಲ ಸಂಶೋಧನಾ ಲೇಖನ ಹೊಸದುರ್ಗ ತಾಲ್ಲೂಕಿನ ಒಂದು ವೀರಗಲ್ಲನ್ನು ಕುರಿತದ್ದು. ಶಾಸನೋಕ್ತ ಊರು ಇಂದಿನ ಯಾವ ಹಳ್ಳಿ ಎಂಬುದೇ ಅದರ ಮುಖ್ಯ ವಾದ. ಆ ಗುರುತಿಸುವಿಕೆ ನನ್ನದಲ್ಲ. ಹೊಳಲ್ಕೆರೆಯ ನಿವೃತ್ತ ಶಾಲಾ ಮೇಷ್ಟರೊಬ್ಬರು ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಅದನ್ನು ಬರೆದಿದ್ದರು. ಮನೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ತಮ್ಮಲ್ಲಿದ್ದ ಪ್ರತಿಯನ್ನೂ ಕೈಗಿತ್ತಿದ್ದರು. ಯು.ಜಿ.ಸಿ. 2019ರಲ್ಲಿ ಜಾರಿಗೆ ತಂದು 2025ರಲ್ಲಿ ಕೈಬಿಟ್ಟ ‘ಕೇರ್’ ಪಟ್ಟಿಯ ಕಾಲ ಅದು. ಐ.ಎಸ್.ಎಸ್.ಎನ್. ಇಲ್ಲದ ಸ್ಮರಣ ಸಂಚಿಕೆಯನ್ನು ಹೆಸರಿಸಿದರೆ ಲೇಖನದ ತೂಕ ಕಡಿಮೆಯಾದೀತೆಂದು ಅಳುಕಿ, ರೈಸ್ ಅವರನ್ನು ಮಾತ್ರ ಉಲ್ಲೇಖಿಸಿದೆ. ಅನಂತರ ಇಬ್ಬರು ಸಂಶೋಧಕರು ಆ ಗುರುತಿಸುವಿಕೆಯನ್ನು ನನ್ನ ಹೆಸರಿನಲ್ಲಿ ಉಲ್ಲೇಖಿಸಿದ್ದಾರೆ. ಯಾವ ಸೂಚಿ ಎಣಿಸಿದರೂ ಆ ಎರಡು ಅಂಕ ನನ್ನ ಖಾತೆಗೇ ಬೀಳುತ್ತವೆ. ಎಣಿಕೆಯಲ್ಲಿ ತಪ್ಪಿಲ್ಲ; ಎಣಿಸಲು ನಾನು ಕೊಟ್ಟದ್ದೇ ತಪ್ಪು.

ಮೊನ್ನೆ ಹೊಳಲ್ಕೆರೆಗೆ ಹೋಗಿ ಮೇಷ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಲೇಖನವನ್ನು ಆಗಲೇ ಓದಿದ್ದರು. ಹೇಳಿ ಕಳಿಸಿರಲಿಲ್ಲ, ಅಷ್ಟೆ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಅವರ ಹೆಸರು ಸೇರಿಸಿರುವುದನ್ನೂ, ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿಗಾಗಿ ಬರೆದಿರುವುದನ್ನೂ ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ಪುಟಸಂಖ್ಯೆ ನೋಡಿ ಹಾಕಪ್ಪ, ಆ ಸಂಚಿಕೆಯಲ್ಲಿ ಅದು ತಪ್ಪಾಗಿ ಅಚ್ಚಾಗಿದೆ” ಎಂದರು.